ಕರ್ನಲ್ ಸಾಹೇಬರಿಗೆ ಕಲಿಸಿದ ಕನ್ನಡ

ನಾನು ಕನ್ನಡ ಉಪನ್ಯಾಸಕಿ. ಬೀದರಿನ ಒಂದು ಸರಕಾರಿ ಕಾಲೇಜಿನಲ್ಲಿ ಬಹಳ ವರ್ಷ ಕಲಿಸಿದೆ. ಪ್ರತಿ ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಲು ಬಂದ ಯಾರಾದರೊಬ್ಬ ತಂದೆ ನನ್ನ ಹೆಸರು ಕೇಳಿ, ತಲೆಯ ಮೇಲಿನ ಸೆರಗು ನೋಡಿ, "ಉರ್ದು ಮೇಡಂ ಏನ್ರಿ?" ಎನ್ನುತ್ತಿದ್ದ. "ಅಲ್ಲರಿ, ಕನ್ನಡ" ಎಂದರೆ ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದ. ಅದಕ್ಕೆ ನಾನು ಒಗ್ಗಿಹೋಗಿದ್ದೆ. ನಮ್ಮ ಅಪ್ಪನದು ಜನವಾಡದಲ್ಲಿ ಸೈಕಲ್ ರಿಪೇರಿಯ ಅಂಗಡಿ. ಮನೆಯಲ್ಲಿ ಆಡುತ್ತಿದ್ದುದು ದಖನಿ. ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದಕ್ಕೆ ನೆಂಟರು ಆಡಿಕೊಂಡಾಗ ಅಪ್ಪ ಹೇಳಿದ್ದು ಇಷ್ಟೇ: "ಗಿರಾಕಿ ಜಿಸ್ ಬೋಲಿ ಮೇ ಗಾಲ್ಯಾಂ ದೇತಾ, ವೋ ಬೋಲಿ ಅಪ್ನೇಕು ಆನಾ." ಗಿರಾಕಿ ಯಾವ ಮಾತಿನಲ್ಲಿ ಬಯ್ಯುತ್ತಾನೋ ಆ ಮಾತು ನಮಗೆ ಬರಬೇಕು. ಹಾಗೆ ಬೈಗುಳ ಅರ್ಥವಾಗಲೆಂದು ಕಲಿಯಲು ಹೊರಟ ಭಾಷೆ ಮುಂದೆ ನನ್ನ ಅನ್ನವಾಯಿತು, ಅದಕ್ಕಿಂತ ಹೆಚ್ಚಿನದೂ ಆಯಿತು.

ಕರ್ನಲ್ ಸಾಹೇಬರು ನನ್ನ ಬದುಕಿನೊಳಗೆ ಬಂದದ್ದು ಅವರು ಮೊದಲ ಚುನಾವಣೆ ಸೋತ ಮೇಲೆ. ಅವರ ಹುಟ್ಟೂರು ಔರಾದ ಕಡೆಯ ಒಂದು ಹಳ್ಳಿ. ಮನೆಮಾತು ಮರಾಠಿ. ಚಿಕ್ಕಂದಿನಲ್ಲೇ ದೂರದ ಸೈನಿಕ ಶಾಲೆಗೆ ಹೋದವರು, ಅಲ್ಲಿಂದ ಫೌಜಿಗೆ ಹೋಗಿ, ನಿವೃತ್ತರಾಗಿ ಬೀದರಿನ ಅಂಚಿನ ನೌಬಾದದಲ್ಲಿ ಬಂಗಲೆ ಕಟ್ಟಿಸಿಕೊಂಡು ಬಂದಿದ್ದರು. ಹಿಂದಿ, ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ಕನ್ನಡ ಮಾತ್ರ ಹಳ್ಳಿಯ ಹುಡುಗರ ಜೊತೆ ಗೋಲಿ ಆಡುವಾಗ ಕಲಿತಷ್ಟೇ. ಪಕ್ಷೇತರರಾಗಿ ನಿಂತ ಆ ಚುನಾವಣೆಯಲ್ಲಿ ಭಾಲ್ಕಿಯ ಸಭೆಯೊಂದರಲ್ಲಿ ಕೈ ಎತ್ತಿ, ಎದೆಯುಬ್ಬಿಸಿ, "ಗೆಲ್ಲಲಿ, ಸೋಲಲಿ, ನಾ ನಿಮಗ ಬಿಡಂಗಿಲ್ಲ!" ಎಂದು ಗುಡುಗಿದರು. ನಿಮ್ಮ ಕೈಬಿಡುವುದಿಲ್ಲ ಎನ್ನುವುದು ಅವರ ಮನಸ್ಸಿನಲ್ಲಿದ್ದ ಮಾತು. ಹಿಂದಿನಿಂದ ಯಾವನೋ, "ನಾವೇನ್ ಮಾಡೇವ್ರಿ ಸಾಹೇಬ್ರ?" ಎಂದು ಕೂಗಿದ. ಸಭೆ ಬಿದ್ದು ಬಿದ್ದು ನಕ್ಕಿತು. ಮರುದಿನ ಚಹಾದಂಗಡಿಗಳಲ್ಲಿ ಜನ ಒಬ್ಬರಿಗೊಬ್ಬರು "ನಾ ನಿಮಗ ಬಿಡಂಗಿಲ್ಲ" ಎಂದುಕೊಂಡು ಓಡಾಡಿದರು.

ಫೌಜಿನ ಮನುಷ್ಯ ಗುಂಡಿಗೆ ಹೆದರದಿದ್ದರೂ ನಗೆಗೆ ಹೆದರಿದ. ಅವರ ಆಪ್ತ ಸಹಾಯಕ ನಮ್ಮ ಪ್ರಾಂಶುಪಾಲರ ಬಳಿ ಬಂದು ಒಳ್ಳೆಯ ಕನ್ನಡ ಕಲಿಸುವವರು ಬೇಕೆಂದ. ಪ್ರಾಂಶುಪಾಲರು ನನ್ನ ಕಡೆ ಬೆರಳು ತೋರಿಸಿದರು.

ಕಾಲೇಜಿಗೆ ಹೋಗುವ ಮೊದಲು ನೌಬಾದದ ಬಂಗಲೆಯ ವರಾಂಡದಲ್ಲಿ ಪಾಠ. ನಾನು ಗೇಟು ದಾಟಿದ ಕೂಡಲೇ ಅವರು ಎದ್ದು ನಿಲ್ಲುತ್ತಿದ್ದರು. ನಾನು ಕೂತ ಮೇಲೆಯೇ ಕೂರುವುದು. ಅಷ್ಟು ವಯಸ್ಸಿನ, ಅಷ್ಟು ಎತ್ತರದ ಮನುಷ್ಯ ನನ್ನೆದುರು ಸಾಲಿ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಕಂಡು ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಅವರ ಹೆಂಡತಿ ಮಾತಿಲ್ಲದ ಹೆಣ್ಣುಮಗಳು. ಹಸಿಶುಂಠಿ ಹಾಕಿದ ಚಹಾ ತಂದಿಟ್ಟು ಹೋಗುತ್ತಿದ್ದರು.

ಅವರು ಮೊದಲು ಕಲಿತ ಕ್ರಿಯಾಪದಗಳೆಲ್ಲ ಹುಕುಮು. ನಿಲ್ಲು, ಬಾ, ತಾ, ನಡಿ. ನಾನು ತಿದ್ದಿದೆ.

"ಸಾಹೇಬ್ರ, ನಮ್ಮ ಕಡಿ ಹುಕುಂ ಸುದ್ದಾ 'ರಿ' ಹಚ್ಚಿ ಕೊಡ್ತಾರ್ರಿ. ನಿಲ್ಲರಿ, ಬರ್ರಿ, ತರ್ರಿ."

"ಹುಕುಮಿಗೆ ಮರ್ಯಾದಿ ಯಾಕ ಮೇಡಂ?"

"ಕೇಳೋರಿಗೆ ಅದು ಹುಕುಂ ಅನಿಸಬಾರದಲ್ಲರಿ, ಅದಕ್ಕ."

ಅವರು ಅದನ್ನು ಬರೆದುಕೊಂಡು, "ಬಹುತ್ ಖೂಬ್" ಎಂದರು. ಆಗ ಅದು ನನಗೆ ವಿನಯದ ಪಾಠವಾಗಿ ಕಂಡಿತ್ತು.

ಒಂದು ದಿನ ಅವರು ಹಲಬರ್ಗಾದ ಒಬ್ಬ ಸಿಪಾಯಿಯ ಮಾತು ತೆಗೆದರು. ಅವರ ಪಲ್ಟನಿನಲ್ಲಿದ್ದ ಹುಡುಗ. ಹಿಮ ಕುಸಿದು ಸತ್ತಿದ್ದ. ಅಗೆದು ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ಅವನ ಹೆಣದ ಜೊತೆ ಹಲಬರ್ಗಾಕ್ಕೆ ಬಂದವರು ಇವರೇ. ಹುಡುಗನ ತಂದೆ ಇವರ ಕೈ ಹಿಡಿದು ಕನ್ನಡದಲ್ಲಿ ಏನೋ ಕೇಳಿದನಂತೆ. ಅಳುವಿನಲ್ಲಿ ಹೂತ ಆ ಮಾತು ಇವರಿಗೆ ಅರ್ಥವಾಗಲಿಲ್ಲ. ಸುಮ್ಮನೆ ಸೆಲ್ಯೂಟ್ ಹೊಡೆದು ನಿಂತರು. ಆಮೇಲೆ ಜೀಪಿನಲ್ಲಿ ಯಾರೋ ತಿಳಿಸಿದರು: "ಕಡೀಕ ಏನರ ಅಂದನೇನ್ರಿ ನಮ್ಮ ಹುಡುಗ?" ಎಂದು ಕೇಳಿದ್ದನಂತೆ.

"ಇಷ್ಟ ವರ್ಷ ಆತು ಮೇಡಂ. ಅವನಿಗೆ ಏನ್ ಜವಾಬ್ ಕೊಡಬೇಕಿತ್ತು, ಅದು ಕಲಿಸ್ರಿ."

ನಾವಿಬ್ಬರೂ ಆ ಬೆಳಗ್ಗೆ ಆ ಒಂದೇ ವಾಕ್ಯದ ಮೇಲೆ ಕೂತೆವು. ಅವ ಏನೂ ಅನ್ನಲಿಲ್ಲ, ಅನ್ನಲಿಕ್ಕೆ ಹೊತ್ತು ಸಿಗಲಿಲ್ಲ, ಆದರೆ ನೋವೂ ತಿನ್ನಲಿಲ್ಲ. ಅವರು ಮತ್ತೆ ಮತ್ತೆ ಹೇಳಿ ನೋಡಿದರು. "ತಿನ್ನಲಿಲ್ಲ" ಎನ್ನುವಾಗ ದನಿ ಒಡೆಯಿತು, ಕನ್ನಡಕ ತೆಗೆದು ಒರೆಸಿಕೊಂಡರು. ಆ ಕಣ್ಣೀರು ಸುಳ್ಳಲ್ಲ. ಇವತ್ತಿಗೂ ಹಾಗೆಂದೇ ನಂಬಿದ್ದೇನೆ. ಸುಳ್ಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಇನ್ನೊಂದು ದಿನ ಕ್ಯಾಂಪ್ ಎನ್ನುವುದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಶಿಬಿರ, ಪಾಳೆಯ, ಬಿಡಾರ ಎಂದೆ. ಮನೆಗೂ ಬಿಡಾರಕ್ಕೂ ಏನು ಫರಕು ಎಂದರು.

"ಬಿಡಾರ ಅಂದ್ರ ಹೋಗೋರು ಇಳಕೊಳ್ಳೋ ಜಾಗಾರಿ. ಗೂಟ ಕಿತ್ತರ ಮುಗೀತು. ಮನಿಗೆ ಗೂಟ ಇರಂಗಿಲ್ಲ, ಪಾಯ ಇರ್ತದ."

"ಅಂದ್ರ ಫೌಜಿ ಜಿಂದಗಿ ಎಲ್ಲಾ ಬಿಡಾರ" ಎಂದು ನಕ್ಕರು. ಆಮೇಲೆ ತಮ್ಮಷ್ಟಕ್ಕೆ ನಾಲಗೆಯ ಮೇಲೆ ತಿರುಗಿಸಿ ನೋಡಿದರು. "ಬೀದರ... ಬಿಡಾರ. ಬೀದರ, ಬಿಡಾರ. ಬಾಜೂಕ ಬಾಜೂಕ ಇಟ್ರ ಚಂದ ಕೇಳಸ್ತದಲ್ಲ ಮೇಡಂ?"

ನನಗೆ ಅಂದು ಹಿಡಿಸಲಾರದ ಖುಷಿ. ಬೇರೆ ಭಾಷೆಯವರು ಕನ್ನಡದಲ್ಲಿ ಮೊದಲ ಸಲ ಶಬ್ದದ ಜೊತೆ ಆಟವಾಡಿದ ಗಳಿಗೆ ಕಲಿಸುವವರಿಗೆ ಹಬ್ಬ. ಮನೆಗೆ ಬಂದು ನನ್ನ ಗಂಡನಿಗೂ ಹೇಳಿದೆ. ಹಳೇ ಊರಿನಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಅವರಿಗೆ ಶಬ್ದಗಳಲ್ಲಿ ಆಸಕ್ತಿ ಇರಲಿಲ್ಲ. ಕರ್ನಲ್ ಸಾಹೇಬರಲ್ಲಿ ಇತ್ತು.

ಮುಂದಿನ ಚುನಾವಣೆಗೆ ಸಾಹೇಬರು ಒಂದು ಪಕ್ಷ ಸೇರಿ ನಿಂತರು. ಹಲಬರ್ಗಾದ ಸಭೆಗೆ ನನ್ನನ್ನೂ ಕರೆದೊಯ್ದಿದ್ದರು. ಸಿಪಾಯಿಯ ತಂದೆಯನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಹೊಸ ರುಮಾಲು ಸುತ್ತಿದ ಮುದುಕ. ಸಾಹೇಬರು ಹಿಮದ ಕಥೆ ಹೇಳಿದರು. ನಾನು ಕಲಿಸಿದ ಶಬ್ದಗಳು ಒಂದೂ ತಪ್ಪದೆ ಬರುತ್ತಿದ್ದವು. ಕೊನೆಗೆ ಮುದುಕನ ಕಡೆ ತಿರುಗಿ, "ನಿಮ್ಮ ಮಗ ಕಡೀಕ ನನ್ನ ಕೈ ಹಿಡಿದು ಏನಂದ ಗೊತ್ತೇನ್ರಿ? ಸಾಹೇಬ್ರ, ನಮ್ಮ ಊರ ಮಂದೀಗಿ ನೋಡ್ಕೋರಿ ಅಂದ" ಎಂದರು.

ಮುದುಕ ರುಮಾಲಿನ ತುದಿ ಬಾಯಿಗೆ ಒತ್ತಿಕೊಂಡು ಅತ್ತ. ಜನ ಜೈಕಾರ ಹಾಕಿದರು. ನಾನು ಮುದುಕನನ್ನೇ ನೋಡುತ್ತಿದ್ದೆ. ಅವನ ಮುಖದಲ್ಲಿ ಇದ್ದದ್ದು ದುಃಖವಲ್ಲ. ಇಷ್ಟು ವರ್ಷ ಕಾದ ಮಾತು ಕೊನೆಗೂ ಕಿವಿಗೆ ಬಿದ್ದ ಸಮಾಧಾನ. ಸುಳ್ಳು ಅವನಿಗೆ ಮಗನನ್ನು ಒಂದು ಗಳಿಗೆ ಮರಳಿ ಕೊಟ್ಟಿತ್ತು. ಅದಕ್ಕೆ ಏನು ಹೆಸರಿಡಬೇಕೋ ತಿಳಿಯದೆ ಮನೆಗೆ ಬಂದೆ. ಆಮೇಲೆ ಅದೇ ಕಥೆಯನ್ನು ಭಾಲ್ಕಿಯಲ್ಲಿ, ಬೀದರಿನಲ್ಲಿ, ಎಲ್ಲೆಲ್ಲಿಯೂ ಕೇಳಿದೆ. ದನಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಒಡೆಯುತ್ತಿತ್ತು.

ಗೆದ್ದರು. ಮಂತ್ರಿಯೂ ಆದರು. ಬೀದರಿನ ಸನ್ಮಾನ ಸಭೆಯಲ್ಲಿ ನನ್ನನ್ನು ಮೇಲಕ್ಕೆ ಕರೆದು, "ಇವರು ನನ್ನ ಕನ್ನಡದ ಗುರುಗಳು. ನೋಡ್ರಿ, ಬೀದರದಾಗ ಕನ್ನಡ ಯಾರು ಕಲಿಸ್ತಾರ, ಯಾರು ಕಲೀತಾರ!" ಎಂದರು. ಚಪ್ಪಾಳೆ. ಆ ಚಿತ್ರ ಪತ್ರಿಕೆಯಲ್ಲಿ ಬಂತು. ನನ್ನ ಗಂಡ ಅದಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಬಿಟ್ಟರು. ಬಲ್ಬು ಕೊಳ್ಳಲು ಬಂದವರು ಸಾಹೇಬರಿಗೆ ಹೇಳಿಸಿರೆಂದು ತಮ್ಮ ಮಗನ ನೌಕರಿಯ ಮಾತಾಡಿ ಹೋಗುತ್ತಿದ್ದರು.

ಅಪವಾದಗಳು ಒಂದರ ಹಿಂದೆ ಒಂದು ಬಂದವು. ಮಾಜಿ ಸೈನಿಕರಿಗೆಂದು ಇಟ್ಟಿದ್ದ ನಿವೇಶನಗಳು ಅವರ ಭಾವಮೈದುನರ ಪಾಲಾದವೆಂದು ಕೂಗೆದ್ದಿತು. ಭಾಲ್ಕಿಯಲ್ಲಿ ರಸ್ತೆ ಕೆಟ್ಟಿದ್ದಕ್ಕೆ ಎಂಜಿನಿಯರನೊಬ್ಬನನ್ನು ಬಿಸಿಲಲ್ಲಿ ಅಟೆನ್ಷನ್ ನಿಲ್ಲಿಸಿ ಅವನ ಕೈಯಿಂದಲೇ ಸೆಲ್ಯೂಟ್ ಹೊಡೆಸಿದರು. ಆತ ತಲೆಸುತ್ತಿ ಬಿದ್ದ. ಜನಕ್ಕೆ ಅದು ಇಷ್ಟವಾಯಿತು. "ಫೌಜಿ ಮನುಷ್ಯಾರಿ, ಖಡಕ್" ಎಂದರು. ಪಕ್ಷ ಬದಲಿಸಿದಾಗ ಅದೇ ಜನ, "ಬಾರ್ಡರ್ ಬದಲಾದರೂ ಸಿಪಾಯಿ ಸಿಪಾಯಿನೇ" ಎಂದರು. ನಿವೇಶನದ ಮಾತು ಕೇಳಿದ ಪತ್ರಕರ್ತನಿಗೆ ಸಾಹೇಬರು, ನಾನು ಹಿಮದಲ್ಲಿ ನಿಂತಾಗ ನೀನೆಲ್ಲಿದ್ದೆ ಎಂದು ಕೇಳಿದ್ದರು.

ಮೂರನೆಯ ಚುನಾವಣೆ ಬಿಗಿಯಾಗಿತ್ತು. ಹಳೆಯ ಪಕ್ಷದವರು ಒಂದಾಗಿ ಎದುರು ನಿಂತಿದ್ದರು. ಒಂದು ಮಧ್ಯಾಹ್ನ ಉಪನ್ಯಾಸಕರ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಸಹೋದ್ಯೋಗಿಯೊಬ್ಬಳು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಔರಾದದ ಸಭೆ. ಕೇಸರಿ ರುಮಾಲು, ಎದೆಯ ಮೇಲೆ ಪದಕಗಳು, ಸಾಹೇಬರ ದನಿ.

"ಕೆಲವು ಮಂದಿ ಇದ್ದಾರ. ಬಂದು ಎಷ್ಟು ತಲೆಮಾರಾದರೂ ಅವರಿಗೆ ಬೀದರ ಊರಲ್ಲ, ಬಿಡಾರ! ಬಿಡಾರ ಹೂಡಿದವರು ಗೂಟ ಕೀಳೋದು ಕಲೀಬೇಕು. ಕಲೀದಿದ್ರ ನಾವು ಕಲಿಸ್ತೇವಿ!"

ಸಿಳ್ಳೆ, ಕೂಗು. ಯಾರನ್ನು ಕುರಿತು ಎಂದು ಕೇಳುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. ಬಹಮನಿ ಕಾಲದಿಂದ ಈ ಊರಿನ ಬಾವಿಯ ನೀರು ಕುಡಿದವರ ಮೊಮ್ಮಕ್ಕಳ ಮೊಮ್ಮಗಳು ನಾನು. ಕೈಯಲ್ಲಿ ರೊಟ್ಟಿಯ ತುಂಡು ಹಿಡಿದು ಕೂತಿದ್ದೆ. ನಾಚಿಕೆಯಾಗುವ ಮಾತೊಂದಿದೆ: ಮೊದಲು ನನ್ನ ತಲೆಗೆ ಹೊಳೆದದ್ದು ಅವಮಾನವಲ್ಲ. ವಾಕ್ಯದಲ್ಲಿ ಒಂದೂ ತಪ್ಪಿಲ್ಲ ಎನ್ನುವುದು. ಅವಮಾನ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಗದ್ದಲವಾಯಿತು. ದೂರು ಕೊಟ್ಟರು. ಹಳೇ ಊರಿನಲ್ಲಿ ಅಂಗಡಿಗಳು ಮುಚ್ಚಿದವು. ಎರಡು ದಿನ ಬಿಟ್ಟು ಸಾಹೇಬರು ಬೀದರಿನಲ್ಲಿ ಪತ್ರಕರ್ತರನ್ನು ಕರೆದರು. ನಾವು ಅದನ್ನು ಮನೆಯ ಟೀವಿಯಲ್ಲಿ ನೋಡಿದೆವು. ಅಂದು ಅವರ ಕನ್ನಡ ಇದ್ದಕ್ಕಿದ್ದಂತೆ ತಡವರಿಸುತ್ತಿತ್ತು. ಮೊದಲ ಚುನಾವಣೆಯ ಕನ್ನಡ.

"ನಂದು ಮಾತೃಭಾಷಾ ಮರಾಠಿ. ಕನ್ನಡ ನಾ ಕಲ್ತಿದ್ದು ಒಬ್ಬ ಮುಸ್ಲಿಂ ಮೇಡಂ ಕಡಿಂದ. ಎಲ್ಲರಿಗೂ ಗೊತ್ತದ. ಬಿಡಾರ ಅಂದ್ರ ಮನಿ ಅಂತ ಅವರೇ ಕಲಿಸ್ಯಾರ. ಫೌಜಿಗೆ ಬಿಡಾರ ಅಂದ್ರ ಮಂದಿರ ಇದ್ದಂಗ. ಮೇಡಂ ಕಲಿಸೋದ್ರಾಗ ತಪ್ಪಾಗಿದ್ರ ನಾ ಏನ್ ಮಾಡ್ಲಿ? ಆದ್ರೂ ಅವರು ನನ್ನ ಗುರುಗಳು, ಅವರಿಗೆ ಏನೂ ಅನಬ್ಯಾಡ್ರಿ."

ಪತ್ರಕರ್ತರು ನಕ್ಕರು. ನನ್ನ ಗಂಡ ಟೀವಿ ಆರಿಸಿದರು.

ಮರುದಿನ ಕಾಲೇಜಿನ ಗೇಟಿನಲ್ಲಿ ಕ್ಯಾಮೆರಾಗಳು. ನಮ್ಮ ಗಲ್ಲಿಯ ಹೆಂಗಸರು ನನ್ನನ್ನು ಕಂಡು ಬಾಗಿಲು ಎಳೆದುಕೊಂಡರು. ನಮ್ಮವರನ್ನು ಬಯ್ಯುವ ಮಾತನ್ನು ನಮ್ಮವಳೇ ಕಲಿಸಿದಳಂತೆ. ಮತ್ತೊಂದು ಕಡೆಯವರಿಗೆ ಬೇರೆಯದೇ ಖುಷಿ: ಇವರಿಗೆ ಕನ್ನಡವೇ ಬರುವುದಿಲ್ಲ, ಕಲಿಸಲು ಯಾಕೆ ಇಟ್ಟುಕೊಂಡಿದ್ದಾರೆ? ಜೂನ್ ತಿಂಗಳ ಆ ತಂದೆಯರೆಲ್ಲ ಒಟ್ಟಿಗೆ ಬಾಯಿಬಿಟ್ಟಂತಿತ್ತು. ಪ್ರಾಂಶುಪಾಲರು ನನ್ನನ್ನು ಕರೆದು, "ಸ್ವಲ್ಪ ದಿನ ರಜಾ ತಗೋರಿ ಮೇಡಂ, ವಾತಾವರಣ ತಣ್ಣಗ ಆಗ್ಲಿ" ಎಂದರು.

ಆ ಸಂಜೆ ಸಾಹೇಬರ ಆಪ್ತ ಸಹಾಯಕ ನಮ್ಮ ಮನೆಗೆ ಬಂದ. ಬಹಳ ವಿನಯದ ಹುಡುಗ.

"ಭಾಳ ಏನಿಲ್ರಿ ಮೇಡಂ. ಬಿಡಾರ ಅಂದ್ರ ಮನಿ ಅಂತನೂ ಒಂದು ಅರ್ಥ ಅದ ಅಂತ ಕ್ಯಾಮೆರಾ ಮುಂದ ಒಂದ್ ಮಾತು ಅಂದ್ಬಿಡ್ರಿ. ಭಾಷಾ ತಜ್ಞರ ಸಮಿತಿಯೊಳಗ ನಿಮ್ಮ ಹೆಸರು ಹಾಕಸ್ತೀನಿ ಅಂದಾರ ಸಾಹೇಬ್ರು."

ಅವನು ಹೋದ ಮೇಲೆ ನನ್ನ ಗಂಡ ಬಾಗಿಲು ಹಾಕಿಕೊಂಡು ಬಂದು, "ಬೋಲ್ ದೇ ನಾ. ಏಕ್ ಲಫ್ಜ್ ಇಚ್ ತೋ ಹೈ" ಎಂದರು. ಹೇಳಿಬಿಡು, ಒಂದು ಶಬ್ದ ತಾನೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂಗಡಿಯ ಗಾಜಿಗೆ ಕಲ್ಲು ಬಿದ್ದಿತ್ತು, ಅದೂ ನಮ್ಮವರದೇ ಕಲ್ಲು. ಸಾಹೇಬರ ಜೊತೆಗಿನ ಆ ಚಿತ್ರವನ್ನು ಅವರು ಅಂದೇ ಕೆಳಗಿಳಿಸಿದ್ದರು.

ನಾನು ನೌಬಾದಕ್ಕೆ ಹೋದೆ. ಅದೇ ವರಾಂಡ. ಅವರ ಹೆಂಡತಿ ಒಳಗಿನಿಂದ ಇಣುಕಿ, ನನ್ನನ್ನು ಕಂಡು ಬಾಗಿಲ ಪರದೆ ಎಳೆದುಕೊಂಡರು. ಚಹಾ ಬರಲಿಲ್ಲ. ಸಾಹೇಬರು ಮಾತ್ರ ಎದ್ದು ನಿಂತರು, ಎಂದಿನಂತೆ.

"ಸಾಹೇಬ್ರ, ಆ ಶಬ್ದದ ಅರ್ಥ ನಿಮಗ ಗೊತ್ತಿತ್ತಲ್ಲರಿ?"

"ಗೊತ್ತಿತ್ತು ಮೇಡಂ" ಎಂದರು ತೊಡರಿಲ್ಲದ ಕನ್ನಡದಲ್ಲಿ. "ನಿಮ್ಮಂಥವರು ಕಲಿಸಿದ ಮ್ಯಾಲ ಗೊತ್ತಾಗದೆ ಇರ್ತದೇನು?"

"ಮತ್ತ ನನ್ನ ಮ್ಯಾಲ ಯಾಕ ಹಾಕಿದ್ರಿ?"

"ಗುಂಡು ಬರುವಾಗ ಯಾವ ಗೋಡಿ ಸಿಗ್ತದೋ ಅದರ ಹಿಂದ ನಿಲ್ತೇವಿ ಮೇಡಂ. ಗೋಡಿಗೆ ಕೇಳಿ ನಿಲ್ಲಂಗಿಲ್ಲ. ಚುನಾವ ಮುಗೀಲಿ, ಎಲ್ಲಾ ಸರಿ ಮಾಡ್ತೇನಿ. ನಾ ನಿಮ್ಮ ಕೈ ಬಿಡಂಗಿಲ್ಲ."

ಈ ಸಲ ವಾಕ್ಯ ಸರಿಯಾಗಿತ್ತು.

ಹಲಬರ್ಗಾದ ಮುದುಕನಿಗೆ ಹೇಳಿದ ಮಾತೂ ಹೀಗೆಯೇ ಏನು ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. "ಬರ್ತೇನ್ರಿ" ಎಂದು ಎದ್ದೆ. ಅವರು ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಜೀಪು ಕಳಿಸಲೇ ಎಂದು ಕೇಳಿದರು. ಬೇಡವೆಂದು ನಡೆದು ಬಂದೆ.

ಮರುದಿನ ನಾನಾಗಿಯೇ ಕ್ಯಾಮೆರಾಗಳ ಮುಂದೆ ನಿಂತೆ. ತರಗತಿಯಲ್ಲಿ ಹೇಳುವಂತೆಯೇ ಬಿಡಿಸಿ ಹೇಳಿದೆ. ಬಿಡಾರ ಎಂಬ ಶಬ್ದವನ್ನು ಅವರಿಗೆ ನಾನೇ ಕಲಿಸಿದೆ, ನಿಜ. ಅದು ಮನೆಯಲ್ಲ, ತಂಗುವ ಜಾಗ ಎಂದೂ ಕಲಿಸಿದೆ. ಅರ್ಥ ತಿಳಿದೇ ಅವರು ಆ ಮಾತು ಆಡಿದ್ದಾರೆ. ಅದನ್ನು ನನ್ನೆದುರು ಒಪ್ಪಿಕೊಂಡಿದ್ದಾರೆ. ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು. ಸಂಜೆ ಟೀವಿಯಲ್ಲಿ ಬಂದದ್ದು "ಬಿಡಾರ ಎಂಬ ಶಬ್ದವನ್ನು ಅವರಿಗೆ ನಾನೇ ಕಲಿಸಿದೆ, ನಿಜ" ಎನ್ನುವಷ್ಟೇ. ಮುಂದಿನದು ಕತ್ತರಿಗೆ ಹೋಗಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ "ತಪ್ಪೊಪ್ಪಿಕೊಂಡ ಶಿಕ್ಷಕಿ" ಎಂದು ಓಡುತ್ತಿತ್ತು.

ಸಾಹೇಬರು ಮೊದಲಿಗಿಂತ ಹೆಚ್ಚು ಮತಗಳಿಂದ ಗೆದ್ದರು. ದೂರು ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ಮಳೆಗಾಲಕ್ಕೆ ಮೊದಲು ನನಗೆ ಔರಾದಕ್ಕೆ ವರ್ಗವಾಯಿತು. ಆಡಳಿತಾತ್ಮಕ ಕಾರಣ.

ದಿನಾ ಬಸ್ಸು. ಜನವಾಡ ದಾಟುವಾಗ ಅಪ್ಪನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಕಾಣುತ್ತದೆ. ಔರಾದದಲ್ಲಿ ಮೊದಲ ವಾರ ಹಿಂದಿನ ಬೆಂಚಿನಿಂದ, "ಮೇಡಂ, ನಿಮ್ಮ ಬಿಡಾರ ಎಲ್ಲಿರಿ?" ಎಂದು ಕೇಳಿ ನಕ್ಕರು. ನಾನು ಹಲಗೆಯ ಮೇಲೆ ಸಂಧಿಯ ಪಾಠ ಮುಂದುವರಿಸಿದೆ. ಅಲ್ಲಿ ಇತಿಹಾಸ ಕಲಿಸುವ ಒಬ್ಬರು ಬೌದ್ಧರಾದ ದಲಿತ ಮನೆತನದವರು, ನನಗಿಂತ ಹಿರಿಯರು. ಅಂದು ಮಧ್ಯಾಹ್ನ ತಮ್ಮ ಡಬ್ಬಿಯನ್ನು ನನ್ನ ಕಡೆ ಸರಿಸಿ, "ನಮ್ಮ ಅಜ್ಜಗ ಈ ಊರಾಗ ಹೊಳಿ ನೀರು ಸುದ್ದಾ ಕೆಳಗಿನ ಘಾಟಿನಾಗ ತುಂಬಕೋ ಅಂದಿದ್ರು. ನಿಮಗ ಬಿಡಾರ ಅಂದ್ರು. ಉಣ್ರಿ ಮೊದಲು" ಎಂದರು. ಅಷ್ಟೇ ಮಾತು. ಆ ಕಾಲೇಜಿನಲ್ಲಿ ನಾನು ಉಳಿದದ್ದು ಆ ಡಬ್ಬಿಯಿಂದ ಎಂದರೆ ತಪ್ಪಿಲ್ಲ.

ಕಳೆದ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಸಾಹೇಬರೇ ಮುಖ್ಯ ಅತಿಥಿ. ಸ್ವಾಗತದ ಸಾಲಿನಲ್ಲಿ ನಾನೂ ನಿಲ್ಲಬೇಕಾಯಿತು. ಕಾರಿನಿಂದ ಇಳಿದು ಬಂದವರು ನನ್ನನ್ನು ಕಂಡರು. ಒಂದು ಗಳಿಗೆಯೂ ತಡೆಯದೆ, "ನಮ್ಮ ಗುರುಗಳು!" ಎಂದು ದೊಡ್ಡದಾಗಿ ಹೇಳಿ ಪಾದ ಮುಟ್ಟಲು ಬಾಗಿದರು. ಸುತ್ತಲೂ ಮೊಬೈಲುಗಳು ಮೇಲೆದ್ದವು. ನನಗೆ ಏನು ತೋಚಿತೋ, ಒಂದು ಹೆಜ್ಜೆ ಹಿಂದೆ ಸರಿದೆ.

ಅವರ ಕೈ ಬರೀ ನೆಲ ಮುಟ್ಟಿತು. ತಲೆ ಎತ್ತಿ ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಮರುಕ್ಷಣ ಚಿಟಿಕೆ ಮಣ್ಣು ತೆಗೆದು ಹಣೆಗೆ ಒತ್ತಿಕೊಂಡು, "ನನ್ನ ಹುಟ್ಟಿಸಿದ ಈ ಔರಾದದ ಮಣ್ಣಿಗೆ ಮೊದಲ ನಮಸ್ಕಾರ!" ಎಂದರು. ಚಪ್ಪಾಳೆಯ ಸದ್ದಿಗೆ ಶಾಮಿಯಾನ ಅದುರಿತು. ಮಕ್ಕಳೂ ತಟ್ಟಿದರು.

ಸಮಾರಂಭ ಮುಗಿದ ಮೇಲೆ ಇಲ್ಲಿಯ ಪ್ರಾಂಶುಪಾಲರು ನನ್ನನ್ನು ಪಕ್ಕಕ್ಕೆ ಕರೆದರು. "ಹಿಂದ ಸರೀಬಾರದಿತ್ರಿ ಮೇಡಂ. ಅಷ್ಟು ದೊಡ್ಡ ಮನುಷ್ಯ ಬಾಗ್ತಾನ ಅಂದ್ರ ನೀವು ನಿಲ್ಲಬೇಕಿತ್ತು. ಮಂದಿ ಏನಂದಾರು?"

ಇತಿಹಾಸದ ಸರ್ ನನ್ನ ಚೀಲ ತಂದುಕೊಟ್ಟು, ಬೀದರಿಗೆ ಹೋಗುವ ಬಸ್ಸು ನಿಲ್ದಾಣಕ್ಕೆ ಬಂದಿದೆ ಎಂದರು. ಸಭೆಗೆ ಬಂದ ಜನವೆಲ್ಲ ಅದೇ ಬಸ್ಸಿಗೆ ಹತ್ತಿದ್ದರು, ಸಾಹೇಬರ ಭಾಷಣವನ್ನು ಹೊಗಳುತ್ತಿದ್ದರು. ಸೀಟು ಇರಲಿಲ್ಲ. ಕಂಬಿ ಹಿಡಿದು, ದಾರಿಯ ಸಂತಪುರದಲ್ಲಿ ಜನ ಇಳಿಯುವವರೆಗೆ ನಿಂತೇ ಬಂದೆ.